ಪರಾಗ ಹೇಳುವ ಗಿಡದ ಗೋತ್ರ

ನವರಾತ್ರಿ ಬಂತೆಂದರೆ ದೆಹಲಿಯ ಕಿರಾಣಿ ಅಂಗಡಿಗಳಲ್ಲಿ ಸಿಂಘಾಡೆ ಹಿಟ್ಟಿಗೆ ಎಲ್ಲಿಲ್ಲದ ಬೇಡಿಕೆ. ಉಪವಾಸದವರ ಪೂರಿಗೆ, ಪಕೋಡಕ್ಕೆ ಅದೇ ಆಧಾರ. ಕೆರೆನೀರಿನಲ್ಲಿ ತೇಲುತ್ತ ಬೆಳೆದು ಕೊಂಬಿನ ಕಾಯಿ ಬಿಡುವ ಈ ಗಿಡದ ಶಾಸ್ತ್ರೀಯ ಹೆಸರು ಟ್ರಾಪಾ. ಇದು ಯಾವ ಕುಟುಂಬಕ್ಕೆ ಸೇರಿದ್ದು ಎಂಬ ಪ್ರಶ್ನೆ ಸಸ್ಯಶಾಸ್ತ್ರಜ್ಞರನ್ನು ಬಹುಕಾಲ ಕಾಡಿತ್ತು. ಹೂವಿಗೆ ನಾಲ್ಕು ಎಸಳು, ನಾಲ್ಕು ಕೇಸರ. ಅದನ್ನು ನೋಡಿ ಹಲವರು ಒನಾಗ್ರೇಸಿ ಕುಟುಂಬಕ್ಕೆ ಸೇರಿಸಿಬಿಟ್ಟಿದ್ದರು.

1956ರಲ್ಲಿ ದೆಹಲಿಯಿಂದ ಹೊರಡುತ್ತಿದ್ದ ‘ಫೈಟೊಮಾರ್ಫಾಲಜಿ’ ಪತ್ರಿಕೆಯಲ್ಲಿ ಮಾನಸಿ ರಾಮ್ ಈ ಗಿಡದ ಹೂರಚನೆಯನ್ನೂ ಭ್ರೂಣದ ಬೆಳವಣಿಗೆಯನ್ನೂ ವಿವರಿಸಿ, ಅದರ ನಿಜವಾದ ಸ್ಥಾನ ಯಾವುದೆಂದು ಚರ್ಚಿಸಿದರು. ಒನಾಗ್ರೇಸಿಯ ಭ್ರೂಣಕೋಶದಲ್ಲಿ ನಾಲ್ಕೇ ಕೋಶಕೇಂದ್ರ, ಟ್ರಾಪಾದಲ್ಲಿ ಎಂಟು. ಪರಾಗದ ಸಾಕ್ಷ್ಯವೂ ಬೇರೆ. ಒನಾಗ್ರೇಸಿಯ ಪರಾಗಕಣಗಳನ್ನು ಸೂಕ್ಷ್ಮ ಎಳೆಗಳು ಒಂದಕ್ಕೊಂದು ಕಟ್ಟಿಹಾಕಿರುತ್ತವೆ. ಟ್ರಾಪಾದಲ್ಲಿ ಆ ಎಳೆಗಳಿಲ್ಲ; ಅದರ ಕಣದ ಮೇಲೆ ಧ್ರುವದಿಂದ ಧ್ರುವಕ್ಕೆ ಮೂರು ಏಣುಗಳು ಎದ್ದಿವೆ. ಇಂದಿನ ಡಿಎನ್ಎ ವರ್ಗೀಕರಣ ಟ್ರಾಪಾವನ್ನು ದಾಳಿಂಬೆ, ಗೋರಂಟಿಗಳಿರುವ ಲಿತ್ರೇಸಿ ಕುಟುಂಬದಲ್ಲಿ ಕೂರಿಸಿದೆ. ಹೂವಿನ ಹೊರನೋಟ ದಾರಿ ತಪ್ಪಿಸಿದ ಕಡೆ ಒಳಗಿನ ರಚನೆ ನಿಜ ಹೇಳಿತ್ತು.

ಇಂಥ ಕೆಲಸಕ್ಕೆ ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ದೊಡ್ಡ ನೆಲೆ. 1949ರಲ್ಲಿ ಅಲ್ಲಿಗೆ ಬಂದ ಪಂಚಾನನ ಮಾಹೇಶ್ವರಿ ಸಸ್ಯ ಭ್ರೂಣಶಾಸ್ತ್ರದ ಪರಂಪರೆಯನ್ನೇ ಕಟ್ಟಿದರು. ಅದರಲ್ಲಿ ನಮ್ಮವರ ಪಾಲೂ ಇದೆ. ಮೈಸೂರಿನಲ್ಲಿ ಹುಟ್ಟಿದ ಎಚ್.ವೈ. ಮೋಹನ ರಾಮ್ ಅಲ್ಲೇ ಪ್ರಾಧ್ಯಾಪಕರಾಗಿ ತಲೆಮಾರುಗಳನ್ನು ಬೆಳೆಸಿದರು. ಕೆ.ಆರ್. ಶಿವಣ್ಣ ಪರಾಗದ ಅಧ್ಯಯನಕ್ಕೇ ಬದುಕು ಮೀಸಲಿಟ್ಟರು, ಬಿ.ಎಂ. ಜೋಹ್ರಿ ಅವರೊಂದಿಗೆ 1985ರಲ್ಲಿ ಅವರು ಬರೆದ ಪರಾಗ ಕುರಿತ ಗ್ರಂಥ ಈ ಕ್ಷೇತ್ರಕ್ಕೆ ಬರುವವರು ಓದಲೇಬೇಕಾದದ್ದು. ದತ್ತೂರಿಯ ಪರಾಗಕೋಶದಿಂದಲೇ ಸಸಿ ಬೆಳೆಸಬಹುದೆಂದು ಸಿಪ್ರಾ ಗುಹಾ ಮತ್ತು ಎಸ್.ಸಿ. ಮಾಹೇಶ್ವರಿ 1964ರಲ್ಲಿ ಜಗತ್ತಿಗೆ ತೋರಿಸಿದ್ದೂ ಇದೇ ವಿಭಾಗದಿಂದ.

ಪರಾಗದ ಹೊರಗೋಡೆ ಸ್ಪೋರೊಪೊಲೆನಿನ್ ಎಂಬ ವಸ್ತುವಿನದು. ಆಮ್ಲಕ್ಕೂ ಕೊಳೆತಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ. ಸ್ವೀಡನ್ನಿನ ಗುನ್ನಾರ್ ಅರ್ಟ್‌ಮನ್ ಇದನ್ನೇ ಉಪಯೋಗಿಸಿಕೊಂಡರು. ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡಿಗೆ ಒಂದು ಪಾಲು ಗಂಧಕಾಮ್ಲ ಬೆರೆಸಿ ಪರಾಗವನ್ನು ಬಿಸಿ ಮಾಡಿದರೆ ಒಳಗಿನದೆಲ್ಲ ಕರಗಿ, ಕೆತ್ತನೆಯ ಗೋಡೆಯಷ್ಟೇ ಉಳಿಯುತ್ತದೆ. ಆಗ ಮುಳ್ಳು, ಬಲೆ, ರಂಧ್ರ, ಸೀಳು ಎಲ್ಲ ನಿಚ್ಚಳ. ಅಸಿಟೋಲಿಸಿಸ್ ಎಂಬ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಸೀಳುಗಳ ಲೆಕ್ಕದಲ್ಲೇ ವಿಕಾಸದ ಕಥೆ ಇದೆ. ಹೂಗಿಡಗಳ ಅತಿ ಹಳೆಯ ಪಳೆಯುಳಿಕೆ ಪರಾಗಕ್ಕೆ ಒಂದೇ ಸೀಳು. ಮೂರು ಸೀಳಿನದು ಸುಮಾರು 12.5 ಕೋಟಿ ವರ್ಷಗಳ ಹಿಂದಿನ ಪದರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಂದಿನ ಹೂಗಿಡಗಳಲ್ಲಿ ಹೆಚ್ಚಿನವು ಆ ವಂಶದವೇ. ತಾವರೆ, ನೈದಿಲೆಗಳನ್ನು ನಮ್ಮ ಕವಿಗಳು ಜೊತೆಯಾಗಿ ಕಂಡರು, ಸಸ್ಯಶಾಸ್ತ್ರಜ್ಞರೂ ಒಂದೇ ಕುಟುಂಬದಲ್ಲಿಟ್ಟಿದ್ದರು. ಆದರೆ ತಾವರೆಯ ಪರಾಗಕ್ಕೆ ಮೂರು ಸೀಳು, ನೈದಿಲೆಯದಕ್ಕೆ ಹಾಗಿಲ್ಲ. 1990ರ ದಶಕದ ಡಿಎನ್ಎ ಅಧ್ಯಯನಗಳು ತಾವರೆಯ ಹತ್ತಿರದ ಬಂಧುಗಳನ್ನು ತೋರಿಸಿದವು: ಕಾಶ್ಮೀರದ ಚಿನಾರ್, ಕೊಡಗಿನ ಕಾಫಿ ತೋಟಗಳಲ್ಲಿ ನೆರಳು ಕೊಡುವ ಸಿಲ್ವರ್ ಓಕ್! ಪರಾಗಶಾಸ್ತ್ರದ ಬಗ್ಗೆ ನನಗೆ ಗೌರವ ಮೂಡಿಸಲು ಈ ಒಂದೇ ಉದಾಹರಣೆ ಸಾಕು.

ಮಿತಿಗಳೂ ಇವೆ. ಹುಲ್ಲುಗಳ ಪರಾಗವೆಲ್ಲ ಒಂದೇ ರೂಪ: ನುಣುಪು ಗೋಡೆ, ಒಂದು ರಂಧ್ರ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಯಾವ ಹುಲ್ಲಿನದೆಂದು ಹೇಳುವುದು ಬಲು ಕಷ್ಟ. ವಸಂತದಲ್ಲಿ ಸೀನು, ಉಬ್ಬಸದಿಂದ ನರಳುವ ದೆಹಲಿಯವರಿಗಾಗಿ ಗಾಳಿಯ ಪರಾಗವನ್ನು ಎಣಿಸುವ ವಿಜ್ಞಾನಿಗಳಿಗೆ ಇದು ನಿತ್ಯದ ತೊಡಕು. ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಿ.ಎನ್. ಶಿವಪುರಿ ದಶಕಗಳ ಹಿಂದೆಯೇ ಅಂಥ ಅಧ್ಯಯನಕ್ಕೆ ಅಡಿಪಾಯ ಹಾಕಿದರು.

ಡಿಎನ್ಎ ಬಂದ ಮೇಲೆ ಪರಾಗವೇಕೆ ಎಂದು ಕೇಳುವವರಿದ್ದಾರೆ. ಕೋಟ್ಯಂತರ ವರ್ಷಗಳ ಹಿಂದಿನ ಕಲ್ಲಿನಲ್ಲಿ ಡಿಎನ್ಎ ಉಳಿಯುವುದಿಲ್ಲ, ಪರಾಗದ ಗೋಡೆ ಉಳಿಯುತ್ತದೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಸಂಶೋಧನೆ ನಿಂತಿರುವುದು ಬಹುಮಟ್ಟಿಗೆ ಇಂಥ ಉಳಿಕೆಗಳ ಮೇಲೆ. ಹೀಗಿರುವಾಗ ಪದವಿ ತರಗತಿಗಳಲ್ಲಿ ಪರಾಗಪಾಠ ಪುಸ್ತಕದ ಚಿತ್ರಕ್ಕೇ ನಿಂತುಹೋಗಬಾರದು. ದಾಸವಾಳದ ಪರಾಗ ನೂರು ಮೈಕ್ರಾನ್‌ಗೂ ದೊಡ್ಡದು, ಮೈತುಂಬ ಮುಳ್ಳು. ಶಾಲೆಯ ಸೂಕ್ಷ್ಮದರ್ಶಕದಲ್ಲೇ ಕಾಣುತ್ತದೆ. ಜೀವಶಾಸ್ತ್ರದ ಮೇಷ್ಟರು, ಮೇಡಂಗಳು ಅದನ್ನೊಮ್ಮೆ ಮಕ್ಕಳಿಗೆ ತೋರಿಸಲಿ. ಪಕ್ಕದಲ್ಲೇ ಒಂದು ಹುಲ್ಲಿನ ಪರಾಗವನ್ನೂ ಇಡಲಿ.