ಎಚ್‌ಪಿ ಒಂದೇ ಆದರೆ ಸಾಲದು

ಮಿಲ್ಲಿನ ಮೋಟಾರು ಸುಟ್ಟಾಗ ಮಾಲೀಕರ ಬಾಯಿಂದ ಬರುವ ಮೊದಲ ಮಾತು ಎಚ್‌ಪಿ. ‘ಹತ್ತು ಎಚ್‌ಪಿದು ಒಂದು ಕೊಡಿ’ ಎಂದು ಕೇಳಿ, ದರ ಕುದುರಿಸಿ, ಟೆಂಪೋಗೆ ಹಾಕಿಸಿಕೊಂಡು ಹೋಗುವವರೇ ಹೆಚ್ಚು. ಅದೇ ಮೋಟಾರು ಸುಟ್ಟ ವಾಸನೆಯೊಂದಿಗೆ ವೈಂಡಿಂಗ್ ಅಂಗಡಿಯ ಬಾಗಿಲಿಗೆ ಬರುವುದೂ ಉಂಟು. ಪೀಣ್ಯದ ಗಲ್ಲಿಗಳಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಒಂಟಿ ಮಳಿಗೆಗಳವರೆಗೆ ತಾಮ್ರದ ತಂತಿ ಸುತ್ತಿ ಬದುಕುವ ಈ ವೈಂಡರ್‌ಗಳನ್ನು ನಾವು ರಿಪೇರಿಯವರೆಂದಷ್ಟೇ ತಿಳಿದಿದ್ದೇವೆ. ಕೊಳ್ಳುವ ಮುಂಚೆ ಅವರನ್ನು ಕೇಳುವವರು ಕಡಿಮೆ.

ಅವರ ಕಣ್ಣು ಮೊದಲು ಹೋಗುವುದು ನೇಮ್‌ಪ್ಲೇಟಿನಲ್ಲಿ ವೋಲ್ಟೇಜಿನ ಪಕ್ಕದ ಪುಟ್ಟ ಗುರುತಿನ ಕಡೆಗೆ. ಒಳಗಿನ ಮೂರು ಸುರುಳಿಗಳನ್ನು ಹೇಗೆ ಜೋಡಿಸಬೇಕೆಂದು ಅದು ಹೇಳುತ್ತದೆ: ತ್ರಿಕೋನವಿದ್ದರೆ ಡೆಲ್ಟಾ, ಕವಲೊಡೆದ ಗೆರೆಯಿದ್ದರೆ ಸ್ಟಾರ್. ನಮ್ಮ ಕಡೆಯ ತ್ರೀ ಫೇಸ್ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟಿನವು. ಎರಡು ಎಚ್‌ಪಿವರೆಗೆ ಸ್ಟಾರ್, ಮೂರರಿಂದ ಮೇಲೆ ಡೆಲ್ಟಾ ಎಂಬುದು ಇಲ್ಲಿನ ವಾಡಿಕೆ.

ತಕರಾರು ಶುರುವಾಗುವುದು ಯುರೋಪಿನ ಯಂತ್ರದ ಜೊತೆ ಬಂದ ಸೆಕೆಂಡ್‌ ಹ್ಯಾಂಡ್ ಮೋಟಾರಿನಿಂದ. ಅದರ ಮೇಲೆ ‘230/400, ಡೆಲ್ಟಾ/ಸ್ಟಾರ್’ ಎಂದಿದ್ದರೆ ಒಂದೊಂದು ಸುರುಳಿಯೂ ತಾಳುವುದು 230 ವೋಲ್ಟನ್ನು. ನಮ್ಮ ಲೈನಿಗೆ ಅದನ್ನು ಸ್ಟಾರ್‌ನಲ್ಲಷ್ಟೇ ಕೊಡಬೇಕು. ಹಳೆಯ ಮೋಟಾರಿಗೆ, ಸ್ಟಾರ್‌ನಲ್ಲಿ ಹೊರಡಿಸಿ ಡೆಲ್ಟಾಕ್ಕೆ ಹೊರಳಿಸುವ, ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇತ್ತೆಂದು ಇದನ್ನೂ ಅದಕ್ಕೇ ಜೋಡಿಸಿದರೆ, ಮೊದಲ ಕೆಲವು ಸೆಕೆಂಡು ಚೆನ್ನಾಗಿಯೇ ತಿರುಗುತ್ತದೆ. ಟೈಮರ್ ಡೆಲ್ಟಾಕ್ಕೆ ಹೊರಳಿದಾಗ ಸುರುಳಿಯ ಮೇಲೆ ಪೂರಾ 415 ವೋಲ್ಟು ಬೀಳುತ್ತದೆ. ಆಮೇಲೆ ಹೊಗೆ. ಇದರ ತಿರುವುಮುರುವು ಇನ್ನೂ ಮೋಸದ್ದು: ಡೆಲ್ಟಾದಲ್ಲಿ ಓಡಬೇಕಾದ ಮೋಟಾರನ್ನು ಸ್ಟಾರ್‌ನಲ್ಲೇ ಬಿಟ್ಟರೆ ಅದರ ಬಲ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂಗಡಿಯಲ್ಲಿ ಬರಿದೆ ತಿರುಗಿಸಿ ತೋರಿಸಿದಾಗ ಇದು ಗೊತ್ತೇ ಆಗದು. ಲೋಡು ಬಿದ್ದ ಮೇಲೆ ನರಳಿ ಬಿಸಿಯಾಗುತ್ತದೆ.

ಅಮೆರಿಕದ ಮೋಟಾರಾದರೆ ತಂತಿ ಜೋಡಿಸುವ ಡಬ್ಬಿಯಲ್ಲಿ ಹಲವು ಸಲ ಒಂಬತ್ತು ತಂತಿ. ಅಲ್ಲಿನ 60 ಹರ್ಟ್ಜ್‌ಗೆ ನಿಮಿಷಕ್ಕೆ 1750 ಸುತ್ತು ಹಾಕುತ್ತಿದ್ದುದು ನಮ್ಮ 50 ಹರ್ಟ್ಜ್‌ಗೆ ಸುಮಾರು 1450ಕ್ಕೆ ಇಳಿಯುತ್ತದೆ. ಆರು ತಂತಿ ಕಂಡ ಕೂಡಲೇ ಸ್ಟಾರ್-ಡೆಲ್ಟಾ ಎಂದುಕೊಳ್ಳುವುದೂ ತಪ್ಪು, ಎರಡು ವೇಗದ ಮೋಟಾರಿಗೂ ಆರೇ ತುದಿಗಳು.

ಈ ಕಸುಬಿನ ಸೊಗಸು ಕಾಣುವುದು ನೇಮ್‌ಪ್ಲೇಟೇ ಇಲ್ಲದ, ಗುರುತುಗಳೆಲ್ಲ ಅಳಿಸಿಹೋದ ಮೋಟಾರು ಬಂದಾಗ. ಜರ್ಮನಿಯ ಎಇಜಿ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಈಗ ಮುಚ್ಚಿಹೋಗಿರುವ ಎನ್‌ಜಿಇಎಫ್‌ನಂಥ ಕಾರ್ಖಾನೆಯ ಹಳೆಯ ಮೋಟಾರೂ ಹಾಗೆ ಬರಬಹುದು. ಆಗ ವೈಂಡರ್ ಸೀರೀಸ್ ಬಲ್ಬು ಹಿಡಿದು ಆರು ತುದಿಗಳಲ್ಲಿ ಮೂರು ಜೋಡಿ ಹುಡುಕುತ್ತಾರೆ. ಅದು ಸುಲಭದ ಭಾಗ. ಯಾವುದು ಆರಂಭ, ಯಾವುದು ಕೊನೆ? ಎರಡು ಸುರುಳಿಗಳನ್ನು ಸಾಲಾಗಿ ಜೋಡಿಸಿ ಸಣ್ಣ ಎಸಿ ವೋಲ್ಟೇಜ್ ಕೊಟ್ಟು, ಮೂರನೆಯದಕ್ಕೆ ಮೀಟರ್ ಹಿಡಿಯುತ್ತಾರೆ. ಮುಳ್ಳು ಎದ್ದರೆ ಒಂದರ ಕೊನೆಗೆ ಇನ್ನೊಂದರ ಆರಂಭ ಸೇರಿದೆ. ಏಳದಿದ್ದರೆ ಕೊನೆಗೆ ಕೊನೆಯೋ ಆರಂಭಕ್ಕೆ ಆರಂಭವೋ ಕೂಡಿದೆ. ಐದು ನಿಮಿಷದ ಈ ಕೆಲಸವನ್ನು ಯಾವ ಕ್ಯಾಟಲಾಗೂ ಮಾಡಿಕೊಡದು. ಒಂದು ಸುರುಳಿ ತಿರುಗಾಮುರುಗಾ ಆದರೂ ಮೋಟಾರು ಗುರುಗುಟ್ಟುತ್ತ ಕರೆಂಟು ಎಳೆಯತೊಡಗುತ್ತದೆ.

ಆದ್ದರಿಂದ ಸುಟ್ಟ ಮೋಟಾರಿನ ಕೇಬಲ್ ಬಿಚ್ಚುವ ಮೊದಲು ಡಬ್ಬಿಯ ಮುಚ್ಚಳ ತೆಗೆದು ಮೊಬೈಲಿನಲ್ಲಿ ಫೋಟೊ ಹಿಡಿಯಿರಿ: ಹಿತ್ತಾಳೆ ಪಟ್ಟಿಗಳು ಉದ್ದುದ್ದ ನಿಂತಿವೆಯೋ (ಅದು ಡೆಲ್ಟಾ), ಅಡ್ಡಲಾಗಿ ಒಂದೇ ಸಾಲಿನಲ್ಲಿವೆಯೋ (ಸ್ಟಾರ್), ಪಟ್ಟಿಯೇ ಇಲ್ಲದೆ ಆರು ಕೇಬಲ್ ಸ್ಟಾರ್ಟರಿಗೆ ಹೋಗಿವೆಯೋ. ಸ್ಟಾರ್ಟರಿನ ಒಳಭಾಗದ್ದೂ ಒಂದಿರಲಿ. ಹೊಸದು ಕೂತ ಮೇಲೆ ಓವರ್‌ಲೋಡ್ ರಿಲೇಯನ್ನು ಹಳೆಯ ಅಂಕಿಗೇ ಬಿಡಬೇಡಿ. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸುರುಳಿಯ ದಾರಿಯಲ್ಲಿದ್ದರೆ ನೇಮ್‌ಪ್ಲೇಟಿನ ಆಂಪಿಯರಿನ 0.58ರಷ್ಟಕ್ಕೆ ಅದನ್ನು ಇಡಬೇಕು. 14 ಆಂಪಿಯರಿನ ಹತ್ತು ಎಚ್‌ಪಿಗೆ ಸುಮಾರು 8. ಹದಿನಾಲ್ಕಕ್ಕೇ ಬಿಟ್ಟರೆ ರಿಲೇ ಟ್ರಿಪ್ಪಾಗುವ ಮುಂಚೆ ಮೋಟಾರೇ ಹೋಗಿರುತ್ತದೆ.