ಮಕ್ಕಳಂತೆ ಸಾಕಿದ ಕೋಣಗಳು

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಚಕ್ರಾ ನದಿಯ ದಡದ ಊರು ವಂಡ್ಸೆ. ಈ ಆಸುಪಾಸಿನ ಹಳ್ಳಿಗಳಲ್ಲಿ ಕಂಬಳದ ಕೋಣ ಸಾಕಿದ ಮನೆಯವರನ್ನು ಮಾತಿಗೆಳೆದರೆ ಒಂದು ಮಾತು ತಪ್ಪದೆ ಬರುತ್ತದೆ: "ಮಕ್ಳ್‌ನ್ ಸಾಂಕ್ದಂಗೆ ಸಾಂಕಿದ್ದ್ ಮಾರಾಯ್ರೆ." ಮಕ್ಕಳನ್ನು ಸಾಕಿದ ಹಾಗೆಯೇ ಸಾಕಿದ್ದೇವೆ ಎಂದು ಇದರ ಅರ್ಥ. ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ ನಾಯಿಗೆ ಹುಟ್ಟುಹಬ್ಬ ಮಾಡಿ, ತಮ್ಮನ್ನು ಅದರ ಅಪ್ಪ ಅಮ್ಮ ಎಂದು ಕರೆದುಕೊಳ್ಳುವವರೂ ಹೆಚ್ಚುಕಡಿಮೆ ಇದೇ ಮಾತನ್ನು ಹೇಳುತ್ತಾರೆ. ಆದರೆ ಎರಡೂ ಕಡೆ ಅದರ ಅರ್ಥ ಒಂದೇ ಆಗಿದೆಯೇ? ಆ ಮಾತು ಎಷ್ಟು ನಿಜ, ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ನೋಡುವುದು ಒಳ್ಳೆಯದು. ಯಾಕೆಂದರೆ ಕಳೆದ ಹತ್ತು ವರ್ಷಗಳಲ್ಲಿ ನ್ಯಾಯಾಲಯದವರೆಗೂ ಹೋಗಿ ಬಂದ ಮಾತು ಅದು.

ಮೊದಲು ಭಾಷೆಯ ಸಂಗತಿ. ಕನ್ನಡದಲ್ಲಿ ಮಗುವನ್ನು ಬೆಳೆಸುವುದಕ್ಕೂ ದನವನ್ನು ಬೆಳೆಸುವುದಕ್ಕೂ ಇರುವುದು ಒಂದೇ ಕ್ರಿಯಾಪದ, 'ಸಾಕು'. ಸಾಕುಮಗ, ಸಾಕುತಾಯಿ ಎನ್ನುವ ಬಾಯಲ್ಲೇ ಸಾಕುನಾಯಿ, ಸಾಕುಪ್ರಾಣಿ ಎನ್ನುತ್ತೇವೆ. ಕುಂದಾಪುರದ ಆಡುಮಾತಿನಲ್ಲಿ ಅದು 'ಸಾಂಕು' ಆಗುತ್ತದೆ. ಮುದಿ ತಂದೆತಾಯಿಯರನ್ನು ನೋಡಿಕೊಳ್ಳುವುದಕ್ಕೂ ಇದೇ ಮಾತು. ಹೆತ್ತವರಷ್ಟೇ ಸಾಕಬೇಕೆಂದಿಲ್ಲ, ಹೊತ್ತು ಹೊತ್ತಿಗೆ ಉಣಿಸಿ, ಮೀಯಿಸಿ, ಕಾಯಿಲೆಯಲ್ಲಿ ಕಾದು ಕುಳಿತವರು ಸಾಕಿದವರು. ಇಲ್ಲಿ ಸಂಬಂಧ ರಕ್ತದಿಂದಲ್ಲ, ದುಡಿಮೆಯಿಂದ ಹುಟ್ಟುತ್ತದೆ.

ವಿಜ್ಞಾನಿಗಳು ಇದನ್ನು ಇನ್ನೊಂದು ದಾರಿಯಿಂದ ವಿವರಿಸಿದ್ದಾರೆ. ಆಸ್ಟ್ರಿಯಾದ ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1943ರಲ್ಲಿ ಒಂದು ವಿಚಾರ ಮುಂದಿಟ್ಟರು. ದೊಡ್ಡ ತಲೆ, ಉಬ್ಬಿದ ಹಣೆ, ಅಗಲವಾದ ಕಣ್ಣು, ದುಂಡು ಕೆನ್ನೆ ಕಂಡೊಡನೆ ಮನುಷ್ಯನಲ್ಲಿ ಎಳೆಗೂಸನ್ನು ಕಾಪಾಡುವ ಭಾವ ತಾನಾಗಿ ಏಳುತ್ತದೆ. ನಾಯಿಮರಿ, ಬೆಕ್ಕಿನಮರಿಗಳ ಮುಖದಲ್ಲೂ ಇದೇ ಲಕ್ಷಣಗಳಿರುವುದರಿಂದ ಅವುಗಳ ಮೇಲೂ ಆ ಭಾವ ಹರಿಯುತ್ತದೆ ಎಂದು. 2015ರಲ್ಲಿ ಜಪಾನಿನ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ನಾಯಿ ಮತ್ತು ಅದರ ಒಡೆಯ ಪರಸ್ಪರ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ರಸದೂತ ಹೆಚ್ಚುತ್ತದೆಂದು ತೋರಿಸಿದರು. ತಾಯಿ ಮಗುವಿನ ನಂಟನ್ನು ಗಟ್ಟಿ ಮಾಡುವ ರಾಸಾಯನಿಕವೂ ಇದೇ.

ಆದರೆ ಕೋಣದ ವಿಷಯದಲ್ಲಿ ಈ ಮುಖದ ಲೆಕ್ಕ ಸರಿಹೊಂದುವುದಿಲ್ಲ. ಬೆಳೆದ ಕೋಣದ ಮೋರೆಯಲ್ಲಿ ಎಳೆಗೂಸಿನ ಲಕ್ಷಣ ಏನೂ ಇಲ್ಲ. ಪುರಾಣದಲ್ಲಿ ಅದು ಯಮನ ವಾಹನ. ಕೊಲ್ಲೂರಿನ ದಾರಿಯುದ್ದಕ್ಕೂ ಪೂಜೆಗೊಳ್ಳುವ ದೇವಿ ಕೊಂದದ್ದು ಮಹಿಷನನ್ನು. ಚೆಂದವಿಲ್ಲದವನಿಗೆ, ದಡ್ಡನಿಗೆ ನಾವು ಬೈಗಳಾಗಿ ಬಳಸುವುದೂ ಕೋಣದ ಹೆಸರನ್ನೇ. ಅಂಥ ಪ್ರಾಣಿಗೆ ಕುಟ್ಟಿ, ಅಪ್ಪು, ಚೆನ್ನ, ಬೊಳ್ಳ ಎಂದು ಮುದ್ದಿನ ಹೆಸರಿಟ್ಟು ಮಗು ಎನ್ನುತ್ತಾರೆಂದರೆ, ಆ ಭಾವ ಮುಖ ನೋಡಿ ಬಂದದ್ದಲ್ಲ, ಕೈಯ ಕೆಲಸದಿಂದ ಬಂದದ್ದು ಎನ್ನಬೇಕಾಗುತ್ತದೆ.

ಆ ಕೆಲಸವಾದರೂ ಎಂಥದು? ಎಮ್ಮೆ ಕೋಣಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ದನಗಳಿಗಿಂತ ಬಹಳ ಕಡಿಮೆ. ಮೈ ಕಪ್ಪು, ರೋಮ ವಿರಳ. ಬಿಸಿಲಿನ ತಾಪವೆಲ್ಲ ಮೈಗೆ ಹೀರಿಕೊಳ್ಳುತ್ತದೆ. ಬೆವರಿ ತಂಪು ಮಾಡಿಕೊಳ್ಳುವ ಉಪಾಯ ಸಾಲದು. ಆದ್ದರಿಂದಲೇ ಅವು ಹೊಂಡ, ಕೆಸರು ಹುಡುಕುತ್ತವೆ. ಹಟ್ಟಿಯಲ್ಲಿ ಕಟ್ಟಿದ ಕೋಣಕ್ಕೆ ಆ ತಂಪನ್ನು ಮನುಷ್ಯನೇ ಒದಗಿಸಬೇಕು. ಅದಕ್ಕೇ ದಿನಾ ಮೀಯಿಸುವುದು, ಕೆರೆಯಲ್ಲಿ ಈಜಿಸುವುದು, ತೆಂಗಿನೆಣ್ಣೆ ಹಚ್ಚಿ ಮೈ ಉಜ್ಜುವುದು. ಓಟದ ಕೋಣಗಳ ಹಟ್ಟಿಗೆ ಫ್ಯಾನು ಹಾಕಿದವರು, ಸೊಳ್ಳೆಪರದೆ ಕಟ್ಟಿದವರು ಇದ್ದಾರೆ. ಹುಲ್ಲು, ಅಕ್ಕಚ್ಚಿನ ಜೊತೆಗೆ ಮುಖ್ಯ ಆಹಾರ ಹುರುಳಿ. ಬೇಯಿಸಿಯೋ ನೆನೆಸಿ ರುಬ್ಬಿಯೋ ಕೊಡುತ್ತಾರೆ. ಇಂಗ್ಲಿಷಿನಲ್ಲಿ ಹುರುಳಿಗೆ 'ಕುದುರೆಯ ಕಾಳು' ಎಂಬರ್ಥದ ಹೆಸರಿದೆ. ಕರಾವಳಿಯಲ್ಲಿ ಅದು ಕೋಣನ ಕಾಳು.

ಕುದುರೆಯ ಪ್ರಸ್ತಾಪ ಬಂದುದರಿಂದ ಒಂದು ಮಾತು ಹೇಳಬೇಕು. ವಿಜಯನಗರದ ಕಾಲದಲ್ಲಿ ಅರಬ್ ದೇಶಗಳ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ವಂಡ್ಸೆಯ ಉತ್ತರಕ್ಕಿರುವ ಭಟ್ಕಳವೂ ಒಂದು. ಆ ಕುದುರೆಗಳೆಲ್ಲ ಘಟ್ಟ ಹತ್ತಿ ಹೋದವು, ಕರಾವಳಿಯಲ್ಲಿ ನಿಲ್ಲಲಿಲ್ಲ. ವರ್ಷದ ಹಲವು ತಿಂಗಳು ನೀರು ನಿಲ್ಲುವ ಗದ್ದೆಯ ಊರಿನಲ್ಲಿ ಅಗಲ ಗೊರಸಿನ ಕೋಣವೇ ಮೇಲು. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿನ ಅರಸರು ಅಪಾರ ಹಣ ಕೊಟ್ಟು ಕುದುರೆ ತರಿಸಿದರೂ ನೋಡಿಕೊಳ್ಳಲು ಬಲ್ಲವರಿಲ್ಲದೆ ಅವು ಸಾಯುತ್ತಿದ್ದವು ಎಂದು ಬರೆದಿದ್ದಾನೆ. ಸಾಕುವುದಕ್ಕೆ ಹಣ ಸಾಲದು, ಪ್ರೀತಿಯೂ ಸಾಲದು, ತಿಳಿವಳಿಕೆ ಬೇಕು.

ಆ ತಿಳಿವಳಿಕೆ ಕನ್ನಡದಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ಮನೆತನದ ಕೀರ್ತಿವರ್ಮ ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ 'ಗೋವೈದ್ಯ' ಎಂಬ ಗ್ರಂಥ ಬರೆದ. ಅರಸು ಮನೆತನದವನೊಬ್ಬ ದನಗಳ ರೋಗಕ್ಕೆ ಮದ್ದು ಹೇಳಲು ಕುಳಿತನೆಂಬುದೇ ಗಮನಿಸತಕ್ಕ ಸಂಗತಿ. ಇನ್ನೂ ಹಿಂದಕ್ಕೆ ಹೋದರೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವಿದೆ. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗ ದೊರೆ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು. ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಯುದ್ಧದಲ್ಲಿ ಮಡಿದ ವೀರನಿಗೆ ಸಲ್ಲುವ ಗೌರವ ನಾಯಿಗೂ ಸಂದಿತು.

ಈಗ ನಮ್ಮ ಕಡೆಗೆ ಬರೋಣ. ದೀಪಾವಳಿಯ ಗೋಪೂಜೆಯ ದಿನ ಕುಂದಾಪುರದ ಮನೆಗಳಲ್ಲಿ 'ಗಂಟಿ'ಗಳನ್ನು, ಅಂದರೆ ದನಕರುಗಳನ್ನು ಮೀಯಿಸಿ, ಹೂಮಾಲೆ ಹಾಕಿ, ಮೈಮೇಲೆ ಉರುಟು ಗುರುತು ಒತ್ತಿ, ಆರತಿ ಎತ್ತಿ, ಮನೆಯಲ್ಲಿ ಮಾಡಿದ ತಿಂಡಿಯನ್ನು ಕೈಯಾರೆ ತಿನ್ನಿಸುತ್ತಾರೆ. ಕಾರ್ತಿ ಬೆಳೆಯ ಕೊಯ್ಲು ಮುಗಿದ ಮೇಲೆ ಕಂಬಳದ ಕಾಲ. ವಂಡಾರು, ತಗ್ಗರ್ಸೆ ಮುಂತಾದ ಕಡೆಗಳ ಸಾಂಪ್ರದಾಯಿಕ ಕಂಬಳಗಳು ದಕ್ಷಿಣದ ಜೋಡುಕರೆ ಕಂಬಳಗಳಂತೆ ಬರಿಯ ಪಂದ್ಯಗಳಲ್ಲ. ಇಲ್ಲಿ ಕಂಬಳ ನಡೆಯುವುದು ಬೇಸಾಯದ ಗದ್ದೆಯಲ್ಲಿ. ದನಕರುಗಳ ಕಾಯಿಲೆ ಗುಣವಾಗಲಿ ಎಂದು ಹರಕೆ ಹೊತ್ತವರು ಅವನ್ನು ಕಂಬಳಗದ್ದೆಗೆ ತಂದು ಹರಕೆ ತೀರಿಸಿ ಹೋಗುತ್ತಾರೆ. ಮಗುವಿಗೆ ಜ್ವರ ಬಂದರೆ ಹರಕೆ ಹೊರುವ ಮನೆ, ಕೋಣಕ್ಕೆ ಕಾಯಿಲೆಯಾದರೂ ಹರಕೆ ಹೊರುತ್ತದೆ.

ಆದರೆ ಈಚಿನ ಕೆಲವು ದಶಕಗಳಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ಗದ್ದೆ ಉಳಲು ಟಿಲ್ಲರು, ಟ್ರ್ಯಾಕ್ಟರು ಬಂದವು. ಉಳುವ ಕೋಣ ಹಟ್ಟಿಯಿಂದ ಮರೆಯಾಯಿತು. ಉಳಿದದ್ದು ಓಡುವ ಕೋಣ. ಮೊದಲು ಅದು ದುಡಿದು ಮನೆಯನ್ನು ಸಾಕುತ್ತಿತ್ತು, ಮನೆ ಅದನ್ನು ಸಾಕುತ್ತಿತ್ತು. ಈಗ ಸಾಕುವುದು ಒಂದೇ ಕಡೆಯಿಂದ. ಒಂದು ಜೋಡಿ ಓಟದ ಕೋಣಕ್ಕೆ ಲಕ್ಷಗಟ್ಟಲೆ ರೂಪಾಯಿ ಬೆಲೆ. ಮೇವು, ಆಳು, ಸಾಗಾಟದ ಖರ್ಚು ಬೇರೆ. ಗೆದ್ದ ಬಹುಮಾನದಿಂದ ಅದು ಹುಟ್ಟುವುದಿಲ್ಲ. ಲಾಭವಿಲ್ಲದೆ ಹೀಗೆ ಖರ್ಚು ಮಾಡುವುದು ಮಕ್ಕಳ ಮೇಲೆ ಮಾತ್ರ ಎಂಬ ಅರ್ಥದಲ್ಲಿ, ಕೋಣ ಹಿಂದೆಂದಿಗಿಂತ ಈಗ ಹೆಚ್ಚು ಮಗುವಾಗಿದೆ. ಹಾಗೆಯೇ, ಮಗನ ಪರೀಕ್ಷೆಯ ಅಂಕದಲ್ಲಿ ತಮ್ಮ ಮಾನ ನೋಡುವ ತಂದೆಯಂತೆ, ಯಜಮಾನನ ಪ್ರತಿಷ್ಠೆಯೂ ಅದರ ಕಾಲಿಗೆ ಗಂಟುಬಿದ್ದಿದೆ.

ಈ ಮಾತು ನ್ಯಾಯಾಲಯಕ್ಕೆ ಹೋದದ್ದು ಇಲ್ಲಿಂದಲೇ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿ, ಹಸಿವು, ನೋವು, ಭಯಗಳಿಂದ ಮುಕ್ತವಾಗಿರುವುದು ಪ್ರಾಣಿಗಳ ಹಕ್ಕು ಎಂದಿತು. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೆ ತಡೆ ನೀಡಿತು. 2017ರಲ್ಲಿ ರಾಜ್ಯ ತಿದ್ದುಪಡಿ ತಂದಿತು. ಅದಕ್ಕೆ 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕಂಬಳ ನಡೆಯಿತು. ಇಷ್ಟೂ ಕಾಲ ಎರಡು ಪಕ್ಷಗಳ ಬಾಯಲ್ಲೂ ಇದ್ದದ್ದು ಒಂದೇ ಉಪಮೆ. ಮಕ್ಕಳಂತೆ ಸಾಕಿದವರು ಹಿಂಸೆ ಮಾಡುತ್ತಾರೆಯೇ ಎಂದು ಇವರು. ಮಕ್ಕಳೆನ್ನುವವರು ಬಾರುಕೋಲು ಹಿಡಿಯುತ್ತಾರೆಯೇ ಎಂದು ಅವರು.

ಪ್ರಾಮಾಣಿಕವಾಗಿ ಹೇಳುವುದಾದರೆ ಎರಡೂ ಪ್ರಶ್ನೆಗಳಲ್ಲಿ ಹುರುಳಿದೆ. ಒಂದು ಕಾಲಕ್ಕೆ ಶಾಲೆಯ ಮೇಷ್ಟ್ರ ಕೈಯಲ್ಲೂ ಬೆತ್ತವಿತ್ತು, ತಂದೆಯ ಕೈಯಲ್ಲೂ ಇತ್ತು. ಪ್ರೀತಿಯಿದ್ದಲ್ಲಿ ಪೆಟ್ಟು ಇರುವುದಿಲ್ಲ ಎಂದೇನೂ ಇಲ್ಲ. ಆದರೆ ಮಕ್ಕಳ ವಿಷಯದಲ್ಲಿ ನಾವು ಬೆತ್ತವನ್ನು ಕೆಳಗಿಟ್ಟಿದ್ದೇವೆ. ಪೆಟ್ಟಿಲ್ಲದೆ ಕಲಿಸಬಹುದೆಂದು ಒಪ್ಪಿದ್ದೇವೆ. ಗ್ರೀಸಿನ ಕ್ಸೆನೋಫನ್ ಸುಮಾರು 2,400 ವರ್ಷಗಳ ಹಿಂದೆ ಕುದುರೆ ಸವಾರಿಯ ಬಗ್ಗೆ ಬರೆದ ಪುಸ್ತಕದಲ್ಲಿ, ಸಿಟ್ಟು ಬಂದಾಗ ಕುದುರೆಯ ಹತ್ತಿರ ಹೋಗಬೇಡಿ ಎಂಬ ಬುದ್ಧಿಮಾತನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದಾನೆ. ಮಗುವಿನ ಉಪಮೆಯನ್ನು ಬಳಸುವವರು ಅದರ ಈಗಿನ ಅರ್ಥವನ್ನೂ ಒಪ್ಪಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ, ಸಾಕಿದವರು ಯಾರು ಎಂಬುದು. ಪದಕ ಯಜಮಾನನಿಗೆ, ಹೆಸರು ಮನೆತನಕ್ಕೆ. ಹುರುಳಿ ಬೇಯಿಸಿ, ಸೆಗಣಿ ಬಾಚಿ, ಮೈ ಉಜ್ಜಿದ ಕೈ ಬಹಳ ಸಲ ಇನ್ನೊಬ್ಬನದು. ಕೋಣವನ್ನು ಮಗುವೆಂದ ಸಮಾಜ ಕೆಲವು ಮನುಷ್ಯರ ಮಕ್ಕಳನ್ನು ಹೇಗೆ ಕಂಡಿತೆಂಬುದನ್ನೂ ಮರೆಯುವಂತಿಲ್ಲ. ಕಂಬಳದ ಹಿಂದಿನ ರಾತ್ರಿ ಬಯಲಲ್ಲಿ ಡೋಲು ಬಾರಿಸುತ್ತ ಕೂರುವುದು ಕೊರಗರ ಪಾಲಿನ ಕಡ್ಡಾಯ ಸೇವೆಯಾಗಿತ್ತು. ಅವರನ್ನು ಹೀನವಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ವಂಡ್ಸೆಯಿಂದ ದೂರವಲ್ಲದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ 'ಚೋಮನ ದುಡಿ'ಯಲ್ಲಿ ಇದರ ಇನ್ನೊಂದು ಮುಖವಿದೆ. ಚೋಮ ಕಾಡಿನಲ್ಲಿ ಸಿಕ್ಕ ಜೋಡಿಯನ್ನು ಸಾಕಿ ಎತ್ತುಗಳನ್ನಾಗಿ ಮಾಡುತ್ತಾನೆ. ಉಳಲು ಅವನಿಗೆ ಭೂಮಿ ಕೊಡುವವರಿಲ್ಲ. ಸಾಲ ತೀರಿಸಲು ಮಕ್ಕಳು ದೂರದ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ, ಎತ್ತುಗಳು ಮನೆಯಲ್ಲೇ ಉಳಿಯುತ್ತವೆ. ಕೊನೆಗೆ ಅವನ್ನೂ ಬಿಟ್ಟುಬಿಡುತ್ತಾನೆ. ಪ್ರಾಣಿಯನ್ನು ಮಗುವೆನ್ನಲು ಮನಸ್ಸಿದ್ದರೆ ಸಾಲದು, ನೆಲವೂ ಬೇಕು ಎಂಬುದನ್ನು ಆ ಕಥೆಗಿಂತ ಚೆನ್ನಾಗಿ ಹೇಳಿದ್ದು ಕಡಿಮೆ.

ಕೊನೆಯ ಪ್ರಶ್ನೆ ಮುಪ್ಪಿನದು. ಕಂಬಳದಲ್ಲಿ ಹಲ್ಲು ನೋಡಿ ಕೋಣವನ್ನು ಕಿರಿಯ, ಹಿರಿಯ ಎಂದು ವಿಂಗಡಿಸುತ್ತಾರೆ. ಓಟ ನಿಂತ ಮೇಲೂ ಅದು ಹಲವು ವರ್ಷ ಬದುಕಬಲ್ಲದು. ಬಹುಮಾನ ತಂದ ಕೋಣವನ್ನು ಸಾಯುವ ತನಕ ಹಟ್ಟಿಯಲ್ಲೇ ಇಟ್ಟುಕೊಂಡು, ಸತ್ತಾಗ ತೋಟದಲ್ಲಿ ಹೂತು, ಸಮಾಧಿಗೆ ಹೂವಿಡುವ ಮನೆಗಳು ಕರಾವಳಿಯಲ್ಲಿವೆ. ಆತಕೂರಿನ ಕಲ್ಲಿನ ಸಂತತಿ ಎನ್ನಬಹುದು. ಓಟ ನಿಂತೊಡನೆ ಹಗ್ಗ ಬದಲಾಯಿಸುವವರೂ ಇದ್ದಾರೆ. 2020ರಲ್ಲಿ ರಾಜ್ಯ ತಂದ ಜಾನುವಾರು ಹತ್ಯೆ ನಿಷೇಧದ ಕಾಯ್ದೆ ದನ, ಎತ್ತುಗಳಿಗೆ ಎಲ್ಲ ವಯಸ್ಸಿನಲ್ಲೂ ರಕ್ಷಣೆ ಕೊಟ್ಟಿತು. ಎಮ್ಮೆ, ಕೋಣಗಳಿಗೆ ಕೊಟ್ಟದ್ದು 13 ವರ್ಷ ತುಂಬುವ ತನಕ ಮಾತ್ರ. ಆ ಮೇಲಿನದು ಸಾಕಿದವನ ಮನಸ್ಸಿಗೆ ಬಿಟ್ಟದ್ದು.

ಆದ್ದರಿಂದ "ಮಕ್ಳ್‌ನ್ ಸಾಂಕ್ದಂಗೆ" ಎಂಬ ಮಾತನ್ನು ನಗೆಯಾಡಬೇಕಾಗಿಲ್ಲ, ಕಣ್ಣು ಮುಚ್ಚಿ ನಂಬಬೇಕಾಗಿಯೂ ಇಲ್ಲ. ನಗರದ ನಾಯಿಗೂ ವಂಡ್ಸೆಯ ಕೋಣಕ್ಕೂ ಒಂದೇ ಅಳತೆಗೋಲು ಸಾಕು. ಕೊರಳಿಗೆ ಮಾಲೆ ಬಿದ್ದ ದಿನ ಯಾರು ಬೇಕಾದರೂ ಅಪ್ಪನಾಗುತ್ತಾರೆ. ಕಾಲು ಸೋತು, ಹಲ್ಲು ಸವೆದು, ಇನ್ನೆಂದೂ ಕರೆಗೆ ಇಳಿಯದ ಕೋಣದ ಮುಂದೆ ಸಂಜೆ ಹೊತ್ತು ಹುರುಳಿಯ ಬುಟ್ಟಿ ಇಡುವವರು ಯಾರೋ, ಅವರೇ ಅದನ್ನು ಸಾಕಿದವರು.