ಓದಿಸಿಕೊಳ್ಳದ ಅಕ್ಷರಗಳು: ರಾಮೆಲ್‌ಝೀ ಹೂಡಿದ ಯುದ್ಧ

ಗೋಡೆ ಮೇಲಿನ ಬರಹ ಓದೋಕೆ ಆಗ್ಲಿಲ್ಲ ಅಂದ್ರೆ 'ಏನು ಗೀಚಿದಾರೋ' ಅಂತೀವಿ. ನ್ಯೂಯಾರ್ಕ್‌ನ ಕಲಾವಿದ ರಾಮೆಲ್‌ಝೀಗೆ ಬೇಕಾಗಿದ್ದೇ ಅದು.

1960ರಲ್ಲಿ ಕ್ವೀನ್ಸ್‌ನಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಸ್ಪ್ರೇ ಡಬ್ಬಿ ಹಿಡಿದು ಸಬ್‌ವೇ ರೈಲುಗಳ ಮೇಲೆ ಬರೆಯತೊಡಗಿದ. ಆಗ ಅಲ್ಲಿ 'ವೈಲ್ಡ್‌ಸ್ಟೈಲ್' ಬೆಳೀತಿತ್ತು. ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡು, ಮೈತುಂಬ ಬಾಣಗಳು. ಬರೆಯೋರಿಗಷ್ಟೇ ಅರ್ಥವಾಗ್ತಿತ್ತು.

ರಾಮೆಲ್‌ಝೀ ಇದಕ್ಕೊಂದು ಸಿದ್ಧಾಂತವನ್ನೇ ಕಟ್ಟಿದ, ಹೆಸರು 'ಗಾಥಿಕ್ ಫ್ಯೂಚರಿಸಂ'. ಮಧ್ಯಯುಗದ ಯೂರೋಪಿನ ಸನ್ಯಾಸಿಗಳು ಹಸ್ತಪ್ರತಿಗಳ ಅಕ್ಷರಗಳನ್ನ ಓದಲಾಗದಷ್ಟು ಅಲಂಕರಿಸಿದ್ರು, ಆ ಕೆಲಸವನ್ನ ಈಗ ರೈಲಿನ ಹುಡುಗರು ಮುಂದುವರಿಸ್ತಿದ್ದಾರೆ ಅನ್ನೋದು ಅವನ ವಾದ. ಇತಿಹಾಸಕಾರರು ಒಪ್ಪೋದು ಕಷ್ಟ, ಬಿಡಿ. ಆದ್ರೆ ಅವನ ಮೂಲ ಪ್ರಶ್ನೆ ಗಟ್ಟಿಯಾದದ್ದು: ಅಕ್ಷರ ಯಾಕೆ ಸದಾ ಪದದ ಚಾಕರಿ ಮಾಡ್ಬೇಕು? ಅದಕ್ಕೇ ಅವನು ಅಕ್ಷರಕ್ಕೆ ಕವಚ ತೊಡಿಸಿದ, ಆಯುಧ ಕೊಟ್ಟ.

ನಾನು ಬಿಕಾಂ ಓದಿದವಳು. ಬ್ರ್ಯಾಂಡ್ ಹೆಸರು ಕಣ್ಣಿಗೆ ಬಿದ್ದ ಕೂಡ್ಲೇ ಓದಿಸ್ಕೊಬೇಕು ಅನ್ನೋದು ನಮ್ಮ ಪಾಠ. ಇವನದ್ದು ಪೂರ್ತಿ ಉಲ್ಟಾ. ಅದಕ್ಕೆ ಬೆಲೆಯೂ ತೆತ್ತ ಅನ್ಸುತ್ತೆ. 1983ರಲ್ಲಿ ಇವನ 'ಬೀಟ್ ಬಾಪ್' ರೆಕಾರ್ಡ್‌ಗೆ ಹೊದಿಕೆ ಚಿತ್ರ ಬರೆದವನು ಬಾಸ್ಕಿಯಾ. ಆ ಬಾಸ್ಕಿಯಾನ ಒಂದು ಕ್ಯಾನ್ವಾಸ್ 2017ರಲ್ಲಿ 11 ಕೋಟಿ ಡಾಲರಿಗೂ ಮಿಗಿಲಾಗಿ ಹರಾಜಾಯ್ತು. 2010ರಲ್ಲಿ ತೀರಿಕೊಂಡ ರಾಮೆಲ್‌ಝೀ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1989ರಲ್ಲಿ ಗ್ರಾಫಿಟಿ ಇರೋ ಕೊನೆಯ ಬೋಗಿಯನ್ನೂ ನ್ಯೂಯಾರ್ಕ್ ಸಬ್‌ವೇ ಸೇವೆಯಿಂದ ತೆಗೀತು. ರಾಮೆಲ್‌ಝೀ ಮಾತ್ರ ತನ್ನ ಸ್ಟುಡಿಯೋದಲ್ಲಿ ಸ್ಕೇಟ್‌ಬೋರ್ಡ್‌ಗಳಿಗೆ ಬೀದಿಯಲ್ಲಿ ಸಿಕ್ಕ ಗುಜರಿ ಅಂಟಿಸಿ, ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರಕ್ಕೂ ಒಂದೊಂದು ಯುದ್ಧವಾಹನ ಕಟ್ಟಿದ್ದ. ಅವುಗಳ ಫೋಟೋ ಸಿಕ್ಕರೆ ನೋಡಿ. ಯಾವುದು ಯಾವ ಅಕ್ಷರ ಅಂತ ಹೇಳೋಕೆ ನನಗಂತೂ ಆಗ್ಲಿಲ್ಲ.